ನೆಂಟ ಹೊರಡುವ ಹೊತ್ತು

ಇಳಿಸಾಲು
ಫೆಬ್ರವರಿ 30, 2164

ಅಜ್ಜೀ,

ಒಂದು ಮಾತನ್ನು ಈ ಪತ್ರದಿಂದ ಬಿಟ್ಟುಬಿಡೋಣವೆಂದು ಬಹಳ ಯೋಚಿಸಿದೆ. ಬಿಟ್ಟಿದ್ದರೆ ಬರೆಯುವುದು ಸುಲಭವಾಗುತ್ತಿತ್ತು, ನಿನಗೂ ನನ್ನ ಮೇಲೆ ಬೇಗ ನಂಬಿಕೆ ಬರುತ್ತಿತ್ತು. ಆದರೂ ಅದನ್ನೇ ಮೊದಲು ಹೇಳುತ್ತೇನೆ: ಬೆಟ್ಟ ಹಾಳಾಗಿಲ್ಲ. ಯಾರೂ ಅದನ್ನು ಅಗೆದಿಲ್ಲ, ಕಡಿದಿಲ್ಲ, ಸಿಡಿಮದ್ದು ಇಟ್ಟು ಒಡೆದಿಲ್ಲ. ನಾನು ಕೂತು ಬರೆಯುತ್ತಿರುವ ಕಿಟಕಿಯಿಂದ ಕೊಂಬುಗಲ್ಲು ಬೆಟ್ಟ ಬುಡದಿಂದ ನೆತ್ತಿಯವರೆಗೆ ಕಾಣುತ್ತದೆ. ನಿನ್ನ ಕಾಲದ ಚಿತ್ರಗಳಲ್ಲಿ ನೋಡಿದ್ದಕ್ಕಿಂತ ಈಗ ಹೆಚ್ಚು ಹಸಿರಾಗಿದೆ. ಅಲ್ಲಿ ಇಲ್ಲದಿರುವುದು ನಾವು ಮಾತ್ರ. ಇಷ್ಟು ಹಸಿರನ್ನು ಎದುರಿಗಿಟ್ಟುಕೊಂಡು ಅನ್ಯಾಯವಾಗಿದೆ ಅನ್ನುವುದು ಹೇಗೆಂದು ನನಗೆ ಎಷ್ಟೋ ವರ್ಷ ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿದೆ ಅಂತ ಹೇಳಲಾರೆ.

ಮೇಲಿನ ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳಿಗೆ ಹೆಸರಿಲ್ಲ, ವರ್ಷದ ಕೊನೆಯಲ್ಲಿ ಸುಮ್ಮನೆ ಬಂದು ಹೋಗುತ್ತವೆ. ನನ್ನ ಕನ್ನಡವೂ ನಿನಗೆ ಎಲ್ಲಿಯದೋ ಅನ್ನಿಸಬಹುದು. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಸಿಕ್ಕಿದ್ದು ಎರಡು ಕಡೆಯಿಂದ, ದೊಡ್ಡವ್ವನ ಬೈಗುಳದಿಂದ ಮತ್ತು ದೊಡ್ಡವಳಾದ ಮೇಲೆ ಹಟ ಹಿಡಿದು ಓದಿದ ಪುಸ್ತಕಗಳಿಂದ. ಹಾಗಾಗಿ ಸಿಟ್ಟು ಬಂದಾಗ ಬೆಟ್ಟದ ಮಾತು ಬರುತ್ತದೆ, ಬರೆಯಲು ಕೂತರೆ ಪುಸ್ತಕದ ಮಾತು. ನಿನ್ನನ್ನು ಹೇಗೆ ಕರೆಯಬೇಕೆಂಬುದೂ ಒಂದು ಸಮಸ್ಯೆ. ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ಈ ಪತ್ರ ಮುಟ್ಟಬೇಕಾದ ದಿನ ನಿನಗೆ ಇಪ್ಪತ್ತಾರು ವರ್ಷ, ನನಗೆ ನಲವತ್ತನಾಲ್ಕು. 'ನೀವು' ಎಂದು ಬರೆಯಲೇ ಎಂದು ದೊಡ್ಡವ್ವನನ್ನು ಕೇಳಿದೆ.

"ಅಜ್ಜಿನ ಯಾರಾರ ನೀವು ಅಂದರಾ? ಅವಳೇನು ಬ್ಯಾಂಕಿನವಳಾ?" ಎಂದಳು.

ದೊಡ್ಡವ್ವ ಅಂದರೆ ನನ್ನ ತಾಯಿಯ ಅಕ್ಕ, ಬೇದಮ್ಮ. ನಿನ್ನ ಮಗಳ ಮೊಮ್ಮಗಳು. ಬೆಟ್ಟದ ಮೇಲೆ ಹುಟ್ಟಿದವರಲ್ಲಿ ಈಗ ಉಳಿದಿರುವವಳು ಅವಳೊಬ್ಬಳೇ. ಪೋಡಿನವರನ್ನೆಲ್ಲ, ಅಂದರೆ ಬೆಟ್ಟದ ಮೇಲಿನ ನಮ್ಮ ಊರಿನವರನ್ನೆಲ್ಲ, ಕೆಳಗೆ ಇಳಿಸಿದಾಗ ಅವಳಿಗೆ ಎಂಟು ವರ್ಷ. ನನ್ನ ತಾಯಿ ಹುಟ್ಟಿದ್ದು ಇಲ್ಲೇ, ಕೆಳಗೆ. ನಾನೂ ಇಲ್ಲೇ, ನನ್ನ ಮಗಳು ಹೊನ್ನೆಯೂ ಇಲ್ಲೇ. ಈ ಊರಿಗೆ ಇಳಿಸಾಲು ಎಂಬ ಹೆಸರು ಬಂದದ್ದೂ ಹಾಗೆಯೇ, ಇಳಿದವರ ಸಾಲು. ಮಣ್ಣಿನೊಳಗೆ ಅರ್ಧ ಹುದುಗಿಸಿದ ತಂಪುಮನೆಗಳು, ಒಂದರ ಪಕ್ಕ ಒಂದು, ಎಲ್ಲದರ ಕಿಟಕಿಯೂ ಬೆಟ್ಟದ ಕಡೆಗೆ. ಹಾಗೆ ಕಟ್ಟಿಸಿದ್ದು ಕಂಪನಿಯವರ ಕರುಣೆಯಂತೆ, ನಮಗೆ ಬೆಟ್ಟ ಕಾಣುತ್ತಿರಲಿ ಎಂದು. ನೀರು ಸರದಿಯಲ್ಲಿ ಬರುತ್ತದೆ. ರಾಗಿ ಬೆಳೆಯುವುದು ಗೋಡೆಗಳ ಮೇಲೆ, ಮಣ್ಣಿಲ್ಲದೆ. ಅದರ ಹಿಟ್ಟನ್ನು ದೊಡ್ಡವ್ವ ನುಂಗುತ್ತಾಳೆ, ಊಟ ಮಾಡಿದೆ ಎಂದು ಮಾತ್ರ ಒಪ್ಪುವುದಿಲ್ಲ. ಬೆಂಕಿ ಹಚ್ಚುವಂತಿಲ್ಲ. ಬೆಟ್ಟದ ಸುತ್ತ ಹತ್ತು ಮೈಲಿ ಉರಿನಿಷೇಧ, ಒಲೆಯೂ ಇಲ್ಲ, ಬೀಡಿಯೂ ಇಲ್ಲ. ಆದರೆ ಚಳಿ ಮುಗಿದು ಎಲೆ ಉದುರುವ ಈ ದಿನಗಳಲ್ಲಿ ದೊಡ್ಡವ್ವನಿಗೆ ಮೈಯೆಲ್ಲ ಚಡಪಡಿಕೆ. ನಿನ್ನ ಕಾಲದಲ್ಲಿ ಇದು ತರಗಿಗೆ ಬೆಂಕಿ ಕೊಡುವ ಹೊತ್ತು. ಒಣಗಿದ ಎಲೆಯನ್ನು ಎಳೆಬಿಸಿಲಲ್ಲೇ, ಸಣ್ಣ ಉರಿಯಲ್ಲಿ ಸುಟ್ಟುಬಿಟ್ಟರೆ ಬೇಸಿಗೆಯ ದೊಡ್ಡ ಬೆಂಕಿಗೆ ತಿನ್ನಲು ಏನೂ ಇರುವುದಿಲ್ಲ, ಹುಲ್ಲು ಹೊಸದಾಗಿ ಚಿಗುರುತ್ತದೆ. ನೀವು ಅದನ್ನು ಕಾಡನ್ನು ಗುಡಿಸುವುದು ಎನ್ನುತ್ತಿದ್ದಿರಂತೆ. ದೊಡ್ಡವ್ವ ಒಂದು ಡಬ್ಬಿಯ ಮುಚ್ಚಳದಲ್ಲಿ ನಾಲ್ಕು ಒಣ ಎಲೆ ಹಾಕಿ, ಬಾಗಿಲು ಮುಚ್ಚಿಕೊಂಡು, ಸುಡುತ್ತಾಳೆ. ಆ ಹೊಗೆಯ ವಾಸನೆಗೆ ಅಕ್ಕಪಕ್ಕದ ಮನೆಯವರು ಏನೋ ಕೇಳುವ ನೆವದಲ್ಲಿ ಬಂದು ನಿಲ್ಲುತ್ತಾರೆ. ಯಾರೂ ಬೆಂಕಿಯ ಮಾತೆತ್ತುವುದಿಲ್ಲ. ಉಸಿರೆಳೆದುಕೊಂಡು ಹೋಗುತ್ತಾರೆ.

ಕಂಪನಿ ಎಂದೆ. ಅದು ಮಾರುವುದು ಬೆಟ್ಟದ ಉಸಿರನ್ನು. ದೂರದ ಊರುಗಳಲ್ಲಿ ಹೊಗೆ ಬಿಡುವವರು, ತಮ್ಮ ಹೊಗೆಗೆ ಸಮನಾಗಿ ಎಲ್ಲೋ ಒಂದು ಕಾಡು ಉಸಿರಾಡುತ್ತಿದೆ ಎಂದು ತೋರಿಸಬೇಕಂತೆ. ಆ ಕಾಡು ನಮ್ಮದು. ಇದಕ್ಕೆ ಉಸಿರುಗುತ್ತಿಗೆ ಎಂದು ಹೆಸರು. ಈ ವ್ಯಾಪಾರ ನಿನ್ನ ಕಾಲದಲ್ಲೇ ಶುರುವಾಗಿದೆ, ನಿನಗಿನ್ನೂ ಗೊತ್ತಿಲ್ಲ ಅಷ್ಟೆ. ಒಂದು ಎಲೆ ಸುಟ್ಟರೂ ಉಸಿರು ಕಡಿಮೆಯಾಯಿತು ಎಂದು ಬರೆದುಕೊಳ್ಳುವವರಿಗೆ ತರಗಿನ ಬೆಂಕಿ ಹೇಗೆ ಸಹನೆಯಾಗಬೇಕು? ಮೊದಲು ಬೆಂಕಿ ನಿಲ್ಲಿಸಿದರು. ಆಮೇಲೆ ಗೆಣಸು ಅಗೆಯುವುದು, ಆಮೇಲೆ ಜೇನು. ಆಮೇಲೆ ಮಕ್ಕಳಿಗೆ ಕೆಳಗೆ ಒಳ್ಳೆಯ ಶಾಲೆ ತೆರೆದರು, ತಾಯಂದಿರು ಮಕ್ಕಳ ಜೊತೆ ಇಳಿದರು, ಗಂಡಸರು ತಾಯಂದಿರ ಹಿಂದೆ. ಯಾರೂ ನಮ್ಮನ್ನು ಓಡಿಸಲಿಲ್ಲ ಎಂದು ನಾನು ಓದಿದ ಪುಸ್ತಕದಲ್ಲಿತ್ತು, ಅದು ಸುಳ್ಳೂ ಅಲ್ಲ. ಪ್ರತಿ ಮೆಟ್ಟಿಲಲ್ಲೂ ಒಂದು ಉಪಕಾರವಿತ್ತು. ಈಗ ಬೆಟ್ಟದಲ್ಲಿ ಕಾಣುವ ಹಸಿರು ಬಹುಪಾಲು ಲಂಟಾನ. ಬೆಂಕಿಯಿಲ್ಲದೆ ನೆಲ್ಲಿಮರಗಳು ರಸ ಹೀರುವ ಬಂದಳಿಕೆ ಹೊತ್ತು ನಿಂತಿವೆ. ಬುಡದಲ್ಲಿ ಹುಲ್ಲಿಲ್ಲದೆ ಕಾಟಿಗಳು ಕಡಿಮೆಯಾಗಿವೆ. ಆದರೆ ದೂರದಿಂದ, ಮೇಲಿನಿಂದ, ಹಸಿರು ಹಸಿರೇ. ಉಸಿರಿಗೆ ಹೆಸರು ಕೇಳುವವರು ಯಾರು?

ನಾನು ಇಳಿಸಾಲಿನ ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಗೋಡೆಯ ಮೇಲೆ ಕೊಂಬುಗಲ್ಲಿನ ನಕ್ಷೆ ಇದೆ. ಅದರಲ್ಲಿ ಏಳು ದೇವರ ಕಲ್ಲುಗಳ ಹೆಸರೂ, ಪ್ರತಿ ಹಳ್ಳದ ಹೆಸರೂ, ಜೇನು ಕಟ್ಟುವ ಬಂಡೆಯಾದ ಜೇನರೆಯ ಹೆಸರೂ ಒಂದಕ್ಷರ ತಪ್ಪಿಲ್ಲದೆ ಅಚ್ಚಾಗಿವೆ. ಮಕ್ಕಳು ಕೋರಸ್ಸಿನಲ್ಲಿ ಹೇಳುತ್ತಾರೆ, ಬಾಗಿಲುಕಲ್ಲು, ತೊಟ್ಟಿಲುಕಲ್ಲು, ಕೆಮ್ಮಣ್ಣುಹಳ್ಳ. ಒಬ್ಬರೂ ಯಾವುದನ್ನೂ ಮುಟ್ಟಿ ನೋಡಿಲ್ಲ. ನಕ್ಷೆಯ ಕೆಳಗೆ, ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ 'ಸ್ಥಳೀಯರ ಸಹಕಾರದಿಂದ' ಎಂದಿದೆ. ಆ ಸ್ಥಳೀಯರು ನೀನು, ಅಜ್ಜಿ.

ಈಗ ಆ ದಿನದ ಮಾತಿಗೆ ಬರುತ್ತೇನೆ. ನಿನಗದು ಇನ್ನೂ ನಡೆದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಎಷ್ಟು ಸಲ ಹೇಳಿದ್ದಾರೆಂದರೆ ಅದರ ಪ್ರತಿ ಮಾತೂ ನನಗೆ ಬಾಯಿಪಾಠ.

2029ನೇ ಇಸವಿಯಲ್ಲಿ, ಇದೇ ತರಗಿನ ದಿನಗಳಲ್ಲಿ, ವಿನೀತ್ ಎಂಬ ಹುಡುಗ ನಿಮ್ಮ ಪೋಡಿಗೆ ಬರುತ್ತಾನೆ. ಕಾಡನ್ನು ಉಳಿಸುವ ಒಂದು ಕಂಪನಿಯಿಂದ ಬಂದಿದ್ದೇನೆ, ಮರಗಳ ಸುತ್ತಳತೆ ತೆಗೆದುಕೊಂಡು ಹೋಗುತ್ತೇನೆ ಎನ್ನುತ್ತಾನೆ. ಮರುದಿನವೇ ಹಳ್ಳದ ಬಳಿ ಆನೆ ಅಟ್ಟಿಸಿಕೊಂಡು ಬರಲು, ಒಂದೇ ಕಾಲಲ್ಲಿ ಬೂಟು ಉಳಿಸಿಕೊಂಡು, ನಡುಗುತ್ತಾ ನಿನ್ನ ಜಗುಲಿಗೆ ಬಂದು ಬೀಳುತ್ತಾನೆ.

"ಇನ್ನೊಂದು ಜೋಡು ಎಲ್ಲೋಯ್ತಲಾ?" ಅನ್ನುತ್ತೀಯ ನೀನು.

"ಆನೆ ಬಂತು ಅಕ್ಕಾ, ಅಲ್ಲೇ ಬಿದ್ದೋಯ್ತು."

"ಆನೆಗೆ ಒಂದ್ರಲ್ಲಿ ಏನಾದ್ದು? ಅದ್ಕೆ ನಾಕು ಬೇಕು." ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ, ನಕ್ಕವನೇ ಅಳುತ್ತಾನೆ. ಮೈ ಮುಟ್ಟಿ ನೋಡಿದರೆ ಕೆಂಡದಂಥ ಜ್ವರ. "ಮೊಕ ಹೇಳಿಸ್ಕಳ್ದೆ ಕಾಡೊಳಿಕ್ಕೆ ನುಗ್ಗಿದ್ರೆ ಇನ್ನೇನ್ ಮಾಡದು ಅದು? ಏಳ್ಲಾ ಮಗ, ಹೇಳ್ಬುಟ್ಟು ಬರಾನ."

ಮುಖ ಹೇಳುವುದು ಏನೆಂದು ನಿನಗೆ ನಾನು ವಿವರಿಸಬೇಕಾಗಿಲ್ಲ. ಆದರೆ ಈ ಪತ್ರ ಬೇರೆ ಯಾರ ಕೈಗಾದರೂ ಸಿಕ್ಕೀತು, ಅವರಿಗಾಗಿ ಬರೆಯುತ್ತೇನೆ. ನಮ್ಮಲ್ಲಿ ಹೊಸಬರು ಕಾಡಿಗೆ ಕಾಲಿಡುವ ಮುಂಚೆ ಅವರನ್ನು ಏಳು ಕಲ್ಲುಗಳ ಮುಂದೆಯೂ ನಿಲ್ಲಿಸಿ, ಬೆಟ್ಟಕ್ಕೆ ಅವರ ಪರಿಚಯ ಹೇಳಬೇಕು. ಹೇಳುವವರು, ಹಿಂದೆ ಯಾರಿಂದಲೋ ಮುಖ ಹೇಳಿಸಿಕೊಂಡವರೇ ಆಗಿರಬೇಕು. ಇವನು ಇಂಥವನು, ಇಂಥ ಊರಿಂದ ಬಂದಿದ್ದಾನೆ, ಇಂಥ ಹೊತ್ತಿಗೆ ಹೊರಡುತ್ತಾನೆ, ಅಲ್ಲಿವರೆಗೆ ಇವನನ್ನು ಕಾಯಿ. ಇಷ್ಟೇ ಮಾತು. ನೆಂಟನಾದರೆ ಹೊರಡುವ ಹೊತ್ತು ಹೇಳಲೇಬೇಕು. ಹೊತ್ತು ಹೇಳದೆ ಬೆಟ್ಟಕ್ಕೆ ಒಪ್ಪಿಸುವುದು ಒಂದೇ ಸಂದರ್ಭದಲ್ಲಿ, ಮನೆಯಲ್ಲಿ ಮಗು ಹುಟ್ಟಿದಾಗ.

ನೀನು ವಿನೀತನ ಕೈ ಹಿಡಿದುಕೊಂಡು ಏಳು ಕಲ್ಲಿಗೂ ಹೋದೆ. ಹೆಸರು ಹೇಳಿದೆ, ಊರು ಹೇಳಿದೆ, ಕಾಯಿ ಎಂದೆ. ಹೊರಡುವ ಹೊತ್ತನ್ನು ಒಂದು ಕಲ್ಲಿನ ಮುಂದೆಯೂ ಹೇಳಲಿಲ್ಲ. ವಾಪಸ್ಸು ಬರುವಾಗ ನಿನ್ನ ಗಂಡ ಜಡೆಯ ಮೆಲ್ಲಗೆ ಕೇಳಿದನಂತೆ.

"ಹೊತ್ತು ಹೇಳ್ನಿಲ್ವಲ್ಲಾ ನೀನು?"

"ಜ್ವರ ಬಂದಿರೋ ಕೂಸ್ನ ಎದ್ರಿಗೆ ನಿಲ್ಲಿಸ್ಕಂಡು ಯಾವಾಗ ಎದ್ದೋದೀಯೆ ಅನ್ನಕ್ಕಾದ್ದಾ? ಅವ್ನಿಗೂ ಕನ್ನಡ ಅರ್ಥ ಆಯ್ತದ. ನಾಳಕ್ಕೆ ಬಂದು ಹೇಳಿದ್ರಾಯ್ತು ಬುಡು."

ಆ ನಾಳೆ ಇನ್ನೂ ಬಂದಿಲ್ಲ ಅಜ್ಜಿ.

ವಿನೀತನ ಚೀಲದೊಳಗೆ, ಅವನು ಹೋದ ದಾರಿಯನ್ನೆಲ್ಲ ತಾನೇ ಗುರುತಿಟ್ಟುಕೊಳ್ಳುವ ಒಂದು ಯಂತ್ರವಿತ್ತು. ಅವನು ಮೋಸಕ್ಕೆಂದೇ ಅದನ್ನು ಇಟ್ಟುಕೊಂಡಿದ್ದ ಎಂದು ನನಗೆ ಅನ್ನಿಸುವುದಿಲ್ಲ. ಜ್ವರದಲ್ಲಿ ಅದನ್ನು ಆರಿಸುವುದು ಮರೆತಿರಬಹುದು, ಅಥವಾ ಆರಿಸಬೇಕು ಎಂದೇ ಹೊಳೆದಿರಲಿಕ್ಕಿಲ್ಲ. ಅವನು ಹುಷಾರಾದ, ನಿನಗೆ ಸೀರೆ ತಂದುಕೊಟ್ಟ, ಮತ್ತೆ ಮತ್ತೆ ಬಂದ. ನೀನು ಹೇಳಿದ ಮಾತನ್ನು ಅವನು ಪ್ರೀತಿಯಿಂದ ಕಲಿತ. ವರ್ಷಗಳಾದ ಮೇಲೆ, ತನ್ನ ಜಾಗಕ್ಕೆ ಬಂದವನನ್ನು ತಾನೇ ಏಳು ಕಲ್ಲುಗಳ ಮುಂದೆ ನಿಲ್ಲಿಸಿ ಮುಖ ಹೇಳಿದ, ನೀನು ಹೇಳಿದಂತೆಯೇ, ಹೊತ್ತಿಲ್ಲದೆ. ಅವನಿಗೆ ಗೊತ್ತಿದ್ದದ್ದು ಅಷ್ಟೇ ತಾನೆ? ಆ ಮನುಷ್ಯ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ. ಮುಂದೆ ಗುತ್ತಿಗೆಯ ಪ್ರಶ್ನೆ ಬಂದಾಗ ಗ್ರಾಮಸಭೆಯಲ್ಲಿ ಪೋಡಿನವರು ಎದ್ದು ನಿಂತು, ಇದು ನಮ್ಮ ದೇವರ ಜಾಗ, ಹೊರಗಿನವರಿಗೆ ಇಲ್ಲಿ ಏನು ಕೆಲಸ ಎಂದು ಕೇಳಿದರು. ಕಂಪನಿಯವರು ಜಗಳವಾಡಲಿಲ್ಲ. ಆ ಯಂತ್ರದ ಗುರುತುಗಳಿಂದ ಮಾಡಿದ ನಕ್ಷೆ ಬಿಡಿಸಿ ತೋರಿಸಿದರು. ಇವರೇ ಕರೆದುಕೊಂಡು ಹೋಗಿ ತೋರಿಸಿದ್ದು, ದೇವರ ಮುಂದೆ ವಿನೀತನನ್ನು ತಮ್ಮವನೆಂದು ಒಪ್ಪಿಕೊಂಡದ್ದು ಎಂದರು. ನೀನು ಆ ಸಭೆಯಲ್ಲಿದ್ದೆ. ಅಲ್ಲ ಎನ್ನಲು ನಿನ್ನಿಂದ ಆಗಲಿಲ್ಲ, ಏಕೆಂದರೆ ಅದು ನಿಜವಾಗಿತ್ತು.

ಮುಂದಿನದನ್ನು ಬರೆಯಲು ನನಗೆ ಸ್ವಲ್ಪ ಭಯ, ಸ್ವಲ್ಪ ಸಂಕೋಚ. ಶಾಲೆಯಲ್ಲಿ ಕಾರಣ ಮತ್ತು ಪರಿಣಾಮವನ್ನು ಬಿಡಿಸಿ ಹೇಳುವವಳು ನಾನು. ಆದರೂ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಬೆಟ್ಟ ನಿನ್ನ ಮಾತನ್ನು ನಡೆಸಿಕೊಂಡು ಬಂತು. ನೂರಕ್ಕೂ ಹೆಚ್ಚು ವರ್ಷ ಕಂಪನಿಯ ಒಬ್ಬ ಕಾವಲುಗಾರನ ಮೈಮೇಲೂ ಆನೆ ಬರಲಿಲ್ಲ, ಒಂದು ಜೇನೂ ಕೂರಲಿಲ್ಲ. ಕೆಳಗೆ ಹುಟ್ಟಿದ ನಮ್ಮನ್ನು ಮಾತ್ರ ಅದು ಗುರುತಿಸಲಿಲ್ಲ. ಕಾಲೇಜಿನಲ್ಲಿದ್ದಾಗ ನಾನು ಒಂದು ಸಲ ಮೇಲೆ ಹೋಗಿದ್ದೆ. ಯಾರೋ ಪರದೇಶದವರಿಗೆ ದುಭಾಷಿ ಬೇಕು ಎಂದು ಕಂಪನಿಯೇ ನೆರಳುಚೀಟಿ ಕೊಟ್ಟಿತ್ತು. ಒಳಗೆ ಹೋಗಲು ಬೇಕಾದ ಪರವಾನಗಿಗೆ ಆ ಹೆಸರು. ಬಾಗಿಲುಕಲ್ಲು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಜೇನು ಬಂತು. ನನ್ನ ಪಕ್ಕದಲ್ಲೇ, ನನ್ನ ಮೊಣಕೈ ತಾಗುವಷ್ಟು ಹತ್ತಿರ, ಮಲ್ಲೇಶ ಎಂಬ ಕಾವಲುಗಾರ ನಿಂತಿದ್ದ. ಅವನ ಅಂಗಿಯ ಮೇಲೆ ಒಂದು ಹುಳವೂ ಕೂರಲಿಲ್ಲ. ಅವನು ತನ್ನ ಮೈಯನ್ನೇ ನನಗೆ ಅಡ್ಡ ಹಿಡಿದು, ನನ್ನನ್ನು ಕೆಳಗೆ ತಂದ. ಒಂದು ವಾರ ಕಣ್ಣು ಬಿಡಲಾಗಲಿಲ್ಲ. ಕಣ್ಣಿಗೆ ಬಟ್ಟೆ ಒತ್ತುತ್ತಾ ದೊಡ್ಡವ್ವ ಜೇನನ್ನು ಬೈಯಲಿಲ್ಲ. "ನೀನು ಯಾರು ಅಂತ ಅವುಕ್ಕೆ ಹೇಳೋರು ಯಾರಿದ್ರು?" ಎಂದಳು ಅಷ್ಟೆ. ಅವತ್ತು ನಾನು ಹಚ್ಚಿಕೊಂಡಿದ್ದ ಎಣ್ಣೆಯ ವಾಸನೆ ಕಾರಣವಿರಬಹುದು. ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಮಲ್ಲೇಶನ ಅಂಗಿ ಕಣ್ಣಮುಂದಿನಿಂದ ಹೋಗುವುದಿಲ್ಲ.

ದೊಡ್ಡವ್ವ ನಮಗೆಲ್ಲ ಮುಖ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಕಲ್ಲಿನ ಮುಂದೆ ನಿಂತೇ ಹೇಳಬೇಕು, ಹೇಳಿಸಿಕೊಳ್ಳುವವರೂ ಅಲ್ಲಿರಬೇಕು. ಅವಳಿಗೆ ಎಂದೂ ನೆರಳುಚೀಟಿ ಕೊಡಲಿಲ್ಲ. ಬೆಟ್ಟದಲ್ಲಿ ಹುಟ್ಟಿದವರಿಗೆ ಕೊಡುವುದಿಲ್ಲ, ಒಳಗೆ ಹೋದರೆ ವಾಪಸ್ಸು ಬರುವುದಿಲ್ಲ ಎಂಬ ಅನುಮಾನ ಅವರಿಗೆ. ಅನುಮಾನ ಸರಿಯಾಗಿಯೇ ಇದೆ.

ಕಂಪನಿಯಲ್ಲಿ ಮುಖ ಹೇಳಿಸಿಕೊಂಡವರಲ್ಲಿ ಕೊನೆಯವನಾದ ಮಲ್ಲೇಶ ಮೂರು ವರ್ಷದ ಹಿಂದೆ ನಿವೃತ್ತನಾದ. ಹೊಸ ಅಧಿಕಾರಿಗಳಿಗೆ ಇದೆಲ್ಲ ಮೂಢನಂಬಿಕೆ ಅನ್ನಿಸಿ, ಅವನಿಂದ ಯಾರಿಗೂ ಮುಖ ಹೇಳಿಸಲಿಲ್ಲ. ಅವನೂ ಊರಿಗೆ ಹೋಗಿ ತೀರಿಕೊಂಡ. ವಿನೀತನಿಂದ ಹಿಡಿದು ಬಂದಿದ್ದ ಎಳೆ ಹಾಗೆ ಕಡಿದುಹೋಯಿತು. ಅಲ್ಲಿಂದ ಈಚೆಗೆ ಬೆಟ್ಟ ಬದಲಾಗಿದೆ. ಇಬ್ಬರು ಕಾವಲುಗಾರರನ್ನು ಆನೆ ಎತ್ತಿ ಹಾಕಿದೆ. ಕಂಪನಿಯ ಕಾವಲುಹುಳಗಳು, ಅಂದರೆ ಹಾರಾಡುತ್ತ ಬೆಟ್ಟವನ್ನು ನೋಡಿಕೊಳ್ಳುವ ಸಣ್ಣ ಯಂತ್ರಗಳು, ಮೇಣ ಮೆತ್ತಿಕೊಂಡು ಕೆಳಗೆ ಬಿದ್ದಿರುತ್ತವೆ. ಈಗ ಎರಡೂ ಕಡೆಯವರನ್ನು ಸೇರಿಸಿ ಬೆಟ್ಟಕ್ಕೆ ಗೊತ್ತಿರುವ ಮನುಷ್ಯರು ಒಬ್ಬರೇ, ನಮ್ಮ ಬೇದಮ್ಮ. ಅವಳಿಗೆ ಎಂಬತ್ತನಾಲ್ಕು.

ಹೋದ ವಾರ ಯಾಮಿನಿ ಎಂಬ ಅಧಿಕಾರಿ ನಮ್ಮ ಮನೆಗೆ ಬಂದಳು. ಒಳ್ಳೆಯ ಹೆಂಗಸು, ಚಪ್ಪಲಿ ಹೊರಗೆ ಬಿಟ್ಟು ಬಂದಳು, ಸೀಬೆಹಣ್ಣು ತಂದಿದ್ದಳು.

"ಅಮ್ಮಾ, ನಮ್ಮ ಹೊಸ ಕಾವಲುಗಾರರು ಒಂಬತ್ತು ಜನ ಇದ್ದಾರೆ. ನೀವು ಅವರಿಗೆ ಪರಿಚಯ ಸೇವೆ ಮಾಡಿಕೊಡಬೇಕು."

"ಏನ್ ಸೇವೆ ತಾಯಿ ಅದು?"

"ಅದೇ, ಮುಖ ಹೇಳೋದು."

"ಓ. ಮನುಸ್ರಿಗೆ ಮಾತ್ರವಾ, ನಿಮ್ಮ ಹಾರೋ ಹುಳಕ್ಕೂ ಹೇಳ್ಬೇಕಾ? ಅವುಕ್ಕೆ ಅಪ್ಪನ ಹೆಸರು ಏನಂತ ಹೇಳ್ಲಿ?"

ಹೊನ್ನೆ ನಗು ತಡೆಯಲಾರದೆ ಎದ್ದು ಹೋದಳು. ಯಾಮಿನಿಯೂ ನಕ್ಕಳು. ಆಮೇಲೆ, ಸ್ವರ ತಗ್ಗಿಸಿ, ನನ್ನ ಕಡೆ ನೋಡಿಕೊಂಡು ಹೇಳಿದಳು, "ನೆರಳುಚೀಟಿ ನಿಮಗೆ ಮೂವರಿಗೂ ಕೊಡಿಸ್ತೀನಿ. ನಿಮ್ಮ ಮಗಳಿಗೂ ಅಮ್ಮ ಮುಖ ಹೇಳ್ಲಿ. ಆದ್ರೆ ಮೊದಲು ನಮ್ಮವರು, ಆಮೇಲೆ ಮಗು. ಮಾರ್ಚ್ ಹದಿನೆಂಟಕ್ಕೆ ಗಾಡಿ ಕಳಿಸ್ತೀವಿ."

ನನಗೆ ಆಸೆಯಾಯಿತು. ಮುಚ್ಚಿಡುವುದಿಲ್ಲ. ನನ್ನ ಮಗಳು ಬಾಗಿಲುಕಲ್ಲಿನ ಮುಂದೆ ನಿಲ್ಲುವುದು, ಅವಳ ಹೆಸರನ್ನು ಬೆಟ್ಟ ಕೇಳಿಸಿಕೊಳ್ಳುವುದು. ನನಗೆ ಸಿಗದೆ ಹೋದದ್ದು ಅದೊಂದೇ ಎಂದು ಅವತ್ತೇ ನನಗೆ ಸ್ಪಷ್ಟವಾದದ್ದು. ಆದರೆ ದೊಡ್ಡವ್ವನ ಎದೆ ಈಗ ಗೊರಗೊರ ಎನ್ನುತ್ತದೆ. ಬಾಗಿಲುಕಲ್ಲಿನವರೆಗೆ ನಡೆದಾಳು, ಏಳನ್ನೂ ಸುತ್ತಲಾರಳು. ಮೊದಲ ಕಲ್ಲಿಗೆ ಹೇಳಿದರೆ ಅದು ಮಿಕ್ಕವಕ್ಕೆ ಮುಟ್ಟಿಸುತ್ತದೆ, ಮಳೆಗಾಲದಲ್ಲಿ ಹಾಗೆ ಮಾಡುತ್ತಿದ್ದೆವು ಎನ್ನುತ್ತಾಳೆ. "ಒಂದ್ ಸಲ ಹೇಳೋವಷ್ಟು ಉಸುರು ಅದೆ ನನ್ನೊಳಗೆ," ಎಂದಳು. "ಒಂಬತ್ತು ಜನಕ್ಕೆ ಕೊಟ್ಟಮೇಲೆ ಕೂಸ್ಗೆ ಏನು ಉಳಿದದ್ದು?"

ಅವಳು ಯಾರಿಗೂ ಮುಖ ಹೇಳದೆ ಹೋದರೆ ಬೆಟ್ಟ ಯಾರದೂ ಆಗುವುದಿಲ್ಲ. ಕಂಪನಿಯವರನ್ನು ಅದು ಒಬ್ಬೊಬ್ಬರನ್ನಾಗಿ ಹೊರಗೆ ಹಾಕೀತು. ನಮ್ಮನ್ನೂ ಶಾಶ್ವತವಾಗಿ ಒಳಗೆ ಬಿಡಲಾರದು. ಹಾಗಾದರೂ ಆಗಲಿ, ಬೆಟ್ಟ ಉಳಿಯಲಿ ಎಂದು ನಾನು ಅನ್ನಬೇಕಿತ್ತೇನೋ. ಅನ್ನಲಾಗಲಿಲ್ಲ. ಬದಲಿಗೆ ಓದಿದವರ ಜಾಣತನ ತೋರಿಸಿದೆ.

"ದೊಡ್ಡವ್ವ, ಆ ಒಂಬತ್ತು ಜನಕ್ಕೆ ಹೊತ್ತು ಸೇರಿಸಿ ಹೇಳಿಬಿಡು. ಸಂಜೆಗೆ ಹೊರಡ್ತಾರೆ ಅನ್ನು. ಸಂಜೆಯಾದ ಮೇಲೆ ಅವರ ಪಾಡು ಅವರದು."

ಅವಳು ಕೇಳಿದಳು, "ಅವರು ಸಂಜೆಗೆ ಹೊಂಟರಾ?"

"ಇಲ್ಲ."

"ಮತ್ತೆ? ಒಂಬತ್ತು ಸುಳ್ಳು ಹೇಳ್ಬುಟ್ಟು ಅದೇ ಬಾಯಲ್ಲಿ ಹೊನ್ನೆ ಹೆಸ್ರು ಹೇಳಿದ್ರೆ ಬೆಟ್ಟ ನಂಬದಾ? ನಿಮ್ಮ ಇಸ್ಕೂಲಲ್ಲಿ ಇದ್ನೇ ಕಲ್ಸದು?"

ಹಾಗಾದರೆ ವಿನೀತನಿಗೆ ಹೇಳಿದ್ದನ್ನಾದರೂ ಈಗ ಮುಗಿಸಬಾರದೇ, ಅವನು ಹೊರಟ ಎಂದು ಹೇಳಬಾರದೇ ಎಂದೆ. ಅದಕ್ಕೂ ತಲೆ ಆಡಿಸಿದಳು. "ಕರ್ಕಂಡು ಬಂದೋಳೇ ಕಳಿಸ್ಬೇಕು. ಅಜ್ಜಿ ನೆಂಟನ್ನ ನಾನು ಎಂಗೆ ಕಳಿಸ್ಲಿ?"

ಅದಕ್ಕೇ ಈ ಪತ್ರ. ನಮ್ಮವರು ಸತ್ತರೆ ಹಳ್ಳದಿಂದ ಒಂದು ಕಲ್ಲು ಆರಿಸಿ ತಂದು ಬಾಗಿಲುಕಲ್ಲಿನ ಪಕ್ಕದಲ್ಲಿ ಇಡುತ್ತಾರೆ. ನಿನ್ನ ಕಲ್ಲೂ ಅಲ್ಲಿದೆ, ನಸುಗೆಂಪು, ಒಂದು ಕಡೆ ಚಪ್ಪಟೆ ಎಂದು ದೊಡ್ಡವ್ವ ಹೇಳಿದ್ದಾಳೆ. ಸತ್ತವರಿಗೆ ನಿನ್ನೆ ನಾಳೆ ಇಲ್ಲವಂತೆ. ಕಲ್ಲಿನ ಬುಡದಲ್ಲಿ ಹೇಳಿದ್ದು ಅವರು ಬದುಕಿದ್ದ ಎಲ್ಲ ದಿನಗಳಿಗೂ ಕೇಳಿಸುತ್ತದಂತೆ. ನೀನು ಒಂದು ಬೆಳಿಗ್ಗೆ ನೀರಿಗೆ ಹೋಗುವಾಗ, ಯಾರೋ ಏನೋ ಹೇಳಿದ ಹಾಗಾಗಿ, ನಿಂತುಕೊಂಡರೆ ಸಾಕು. ಇದನ್ನು ನಾನು ನಂಬುತ್ತೇನೆಯೇ? ಹಗಲಿನಲ್ಲಿ ನಂಬುವುದಿಲ್ಲ. ಆದರೆ ಬರೆಯುತ್ತಿರುವುದು ಹಗಲಿನಲ್ಲೇ.

ಆ ಹುಡುಗನನ್ನು ಹೊರಗೆ ಹಾಕು ಎಂದು ನಾನು ಕೇಳುವುದಿಲ್ಲ. ಹಾಗೆ ಕೇಳಿದರೆ ನಾನು ನಿನ್ನ ಮನೆಯವಳೇ ಅಲ್ಲ. ಅವನಿಗೆ ಕಷಾಯ ಕೊಡು, ಹಿಟ್ಟು ಬಡಿಸು, ಕಂಬಳಿ ಹೊದಿಸು. ಅವನ ಕೈ ಹಿಡಿದುಕೊಂಡು ಏಳು ಕಲ್ಲಿಗೂ ಹೋಗು. ಆದರೆ ಅವನ ಚೀಲ ಜಗುಲಿಯ ಮೇಲೇ ಇರಲಿ. ಹೊತ್ತನ್ನೂ ಹೇಳು. ಜ್ವರ ಬಿಟ್ಟ ಮೂರನೇ ದಿನ ಹೊರಡುತ್ತಾನೆ ಎನ್ನು, ಅವನಿಗೆ ಕೇಳಿಸುವ ಹಾಗೆಯೇ ಹೇಳು. ಒಂದು ಕ್ಷಣ ಅವನ ಮುಖ ಬಾಡಬಹುದು. ಬಾಡಲಿ. ಅವತ್ತು ಆಗದೇ ಹೋದರೆ ಮರುದಿನವಾದರೂ, ನೀನು ಜಡೆಯನಿಗೆ ಮಾತು ಕೊಟ್ಟ ಹಾಗೆ, ಒಬ್ಬಳೇ ಹೋಗಿ ಹೇಳಿ ಬಾ. ಮುಂದೆ ಯಾರೇ ಬರಲಿ, ಎಷ್ಟೇ ಒಳ್ಳೆಯವರಾಗಿರಲಿ, ಶಾಲೆ ಕಟ್ಟಿಸಲಿ, ರಸ್ತೆ ಹಾಕಿಸಲಿ, ಕಾಡನ್ನು ಉಳಿಸುತ್ತೇವೆ ಎನ್ನಲಿ, ಹೊರಡುವ ಹೊತ್ತು ಯಾವುದು ಎಂದು ಮೊದಲು ಕೇಳು. ಸಭೆಯಲ್ಲಿ ಎಲ್ಲರ ಮುಂದೆ ಕೇಳು. ಅದನ್ನು ಕೇಳುವುದು ಅಗೌರವವಲ್ಲ ಎಂದು ನಿನ್ನ ಮಗಳಿಗೂ ಹೇಳಿಕೊಡು.

ನೀನು ಹಾಗೆ ಮಾಡಿದರೆ ನನ್ನ ಕಥೆ ಏನಾಗುತ್ತದೋ ತಿಳಿಯದು. ನಾನು ಬೆಟ್ಟದಲ್ಲೇ ಹುಟ್ಟಿ, ಇಷ್ಟು ಅಕ್ಷರ ಬಾರದೆ, ಈ ಹೊತ್ತಿಗೆ ಎಲ್ಲೋ ತರಗು ಸುಡುತ್ತಾ ಇರುತ್ತಿದ್ದೆನೇನೋ. ಹುಟ್ಟದೆಯೇ ಇರುತ್ತಿದ್ದೆನೇನೋ. ಅದನ್ನು ಯೋಚಿಸಲು ಕೂತರೆ ಪೆನ್ನು ಮುಂದೆ ಹೋಗುವುದಿಲ್ಲ.

ಯಾಮಿನಿಗೆ ನಾವು ಆಗಲಿ ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. ಗಾಡಿ ಬರುವ ದಿನಕ್ಕೆ ಕಾಯುವುದು ಬೇಡ ಎಂದು ದೊಡ್ಡವ್ವ ನಿಶ್ಚಯಿಸಿದ್ದಾಳೆ. ಕೆಮ್ಮಣ್ಣುಹಳ್ಳದ ಒಣಗಿದ ಪಾತ್ರದಲ್ಲಿ ನಡೆದರೆ ಕಂಪನಿಯ ಬೇಲಿಯ ಕೆಳಗಿನಿಂದ ದಾರಿಯಿದೆ, ಆನೆಗಳೇ ಮಾಡಿರುವ ದಾರಿ. ಚೀಟಿ ಇಲ್ಲದೆ ಒಳಗೆ ಸಿಕ್ಕಿಬಿದ್ದವರಿಗೆ ಇಳಿಸಾಲಿನಲ್ಲಿ ಮನೆ ಉಳಿಯುವುದಿಲ್ಲ. ಅದಕ್ಕೆ ನಾನು ಸಿದ್ಧ. ನನ್ನ ಭಯ ಹಳ್ಳದಿಂದ ಬಾಗಿಲುಕಲ್ಲಿನವರೆಗಿನ ದಾರಿಯದು. ಅಲ್ಲಿ ಹೊನ್ನೆಯನ್ನು ಕಾಯಲು ಯಾವ ಮಾತೂ ಇನ್ನೂ ಇರುವುದಿಲ್ಲ. ನನ್ನ ಸೀರೆಯನ್ನು ಅವಳಿಗೆ ಎರಡು ಸುತ್ತು ಹೊದಿಸಿ, ದೊಡ್ಡವ್ವನಿಗೆ ಅಂಟಿಸಿಕೊಂಡು ನಡೆಸುತ್ತೇನೆ. ನಾನು ಹಿಂದೆ ಇರುತ್ತೇನೆ. ನನಗೆ ಮುಖ ಹೇಳುವಷ್ಟು ಉಸಿರು ದೊಡ್ಡವ್ವನಲ್ಲಿ ಉಳಿಯದಿದ್ದರೆ ಪರವಾಗಿಲ್ಲ, ಆಮೇಲೆ ಹೊನ್ನೆಯೇ ನನ್ನ ಕೈ ಹಿಡಿದು ಹೇಳಬಹುದು.

ನಿನ್ನೆ ದೊಡ್ಡವ್ವ ಅವಳನ್ನು ಎದುರಿಗೆ ಕೂರಿಸಿಕೊಂಡು ಎಲ್ಲ ವಿವರಿಸಿದಳು. ಹೊತ್ತು ಸೇರಿಸಿ ಹೇಳಿದರೆ ನೆಂಟಳ ಹಾಗೆ ಹೋಗಿ ಬರಬಹುದು, ಯಾರಿಗೂ ಏನೂ ಕೊಡಬೇಕಾಗಿಲ್ಲ. ಹೊತ್ತಿಲ್ಲದೆ ಹೇಳಿದರೆ ಬೆಟ್ಟದ ಕೂಸು, ಬೆಂಕಿ ಕೊಡುವುದಕ್ಕೂ ಕಲ್ಲು ಇಡುವುದಕ್ಕೂ ಹೋಗಲೇಬೇಕು, ಬೇಲಿ ಇರಲಿ ಬಿಡಲಿ. ಹದಿಮೂರು ವರ್ಷದ ಹುಡುಗಿಗೆ ಇಷ್ಟು ಭಾರದ ಮಾತು ಯಾಕೆ, ಹೊತ್ತು ಸೇರಿಸಿಯೇ ಹೇಳಿಬಿಡು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೊನ್ನೆ ಉಗುರು ಕಚ್ಚುತ್ತಾ ಕೂತಿದ್ದಳು.

"ಜೇನು ಬಂದ್ರೆ ಓಡ್ಬಾರ್ದಾ ಅಜ್ಜಿ?"

"ಓಡ್ಬಾರ್ದು. ಕುಂತ್ಕಬೇಕು."

"ಸರಿ. ಹೊತ್ತು ಹೇಳ್ಬೇಡ," ಎಂದಳು. ಎದ್ದು ಹೋಗಿ ತನ್ನ ಬಟ್ಟೆ ಮಡಚಿಡತೊಡಗಿದಳು.

ನಾವು ಬರುವ ಬೆಳಿಗ್ಗೆ, ಅಜ್ಜಿ, ನೀನು ಅಲ್ಲೇ ಎಲ್ಲಾದರೂ ಇದ್ದರೆ, ನಾವು ಹಳ್ಳ ಹತ್ತಿ ಬರುವವರೆಗೆ ಜೇನಿಗೆ ಏನಾದರೂ ಹೇಳಿ ಸುಮ್ಮನಿರಿಸು. ಅವಳ ಹೆಸರು ಹೊನ್ನೆ. ನಮ್ಮವಳು.

ನಿನ್ನ ಕಲ್ಲಿನ ಬುಡದಲ್ಲಿ ಈ ಪತ್ರ ಇಡುವ ದಿನ: ಮಾರ್ಚ್ 11, 2164.